ನಮ್ಮ ಡಬ್ಬಿಯ ಅನ್ನ

ಹಳಿಯಾಳದ ನನ್ನ ಗಂಡನ ಮನೆಯಲ್ಲಿ ನಾನು ಮಾಡುವ ಮಸಾಲಿ ಅನ್ನಕ್ಕೆ ದಾಂಡೇಲಿ ಅನ್ನ ಅಂತಲೇ ಹೆಸರು. ತೊಂಡೆಕಾಯಿ, ಗೋಡಾ ಮಸಾಲಿ, ಹಸಿ ಕೊಬ್ಬರಿ, ಮೇಲೆ ಪುದೀನ, ಕರಿದ ಉಳ್ಳಾಗಡ್ಡಿ. ತವರಿನ ರುಚಿ ಅಂತ ಒಂದು ಚಿಟಿಕೆಯೂ ಆಚೀಚೆ ಮಾಡಲು ನಾನು ಯಾರನ್ನೂ ಬಿಟ್ಟವಳಲ್ಲ.

ಕಳೆದ ತಿಂಗಳು ಅವ್ವ ಬಂದಾಗ ಅದನ್ನೇ ಬಡಿಸಿದೆ. ಎರಡು ತುತ್ತು ತಿಂದವಳು ತಾಟು ಹಿಡಿದುಕೊಂಡೇ ಅಡುಗೆಮನೆಗೆ ಬಂದು ಮೆಲ್ಲಗೆ ಕೇಳಿದಳು, “ಇದನ್ನ ಎಲ್ಲಿ ಕಲತಿ? ನಾ ಎಂದೂ ಮಾಡಿಲ್ಲಲ್ಲ.”

ನನಗೆ ಸಿಟ್ಟೇ ಬಂತು. ದಾಂಡೇಲಿಯ ಅಂಬೇವಾಡಿಯ ನಮ್ಮ ಮನೆಯಲ್ಲಿ, ಅಪ್ಪನ ಹೆಸರು ಕೊರೆಸಿದ ಸ್ಟೀಲ್ ಡಬ್ಬಿಯಿಂದ ಈ ಅನ್ನ ತಿಂದೇ ನಾನು ಬೆಳೆದದ್ದು ಅಂದೆ.

“ಡಬ್ಬಿ ನಮ್ಮದ,” ಅಂದಳು ಅವ್ವ. “ಹಬ್ಬಕ್ಕ ಹೋಳಿಗಿ ಹಾಕಿ ಓಣಿಗೆಲ್ಲ ಕಳಸ್ತಿದ್ದೆ. ಖಾಲಿ ಡಬ್ಬಿ ಯಾರ ವಾಪಸ್ ಕೊಡ್ತಾರ? ಅನ್ನ ಹಾಕಿ ಕೊಡ್ತಿದ್ರು.”

“ಯಾರು?”

“ಒಬ್ರ? ತೊಂಡಿಕಾಯಿ, ಗೋಡಾ ಮಸಾಲಿ ಬೆಳಗಾವಿಯವರದು. ಕೊಬ್ಬರಿ ಜೋಯಿಡಾದವರದು. ಪುದೀನ, ಉಳ್ಳಾಗಡ್ಡಿ ಹಿಂದಿನ ಮನಿ ಖಾಲಾಂದು. ನಮಗಂತ ಮಾಂಸ ಇಲ್ಲದ ಬಿರ್ಯಾನಿ ಬ್ಯಾರೆ ಮಾಡ್ತಿದ್ಲು. ನೀ ಎಲ್ಲಾ ಕೂಡಿಸಿಬಿಟ್ಟಿ.”

ಸೌಟಿನಿಂದ ಒಂದಿಷ್ಟು ಅನ್ನ ತೆಗೆದು ಬಾಯಿಗೆ ಹಾಕಿಕೊಂಡೆ. ಯಾವುದು ಯಾರ ರುಚಿ ಅಂತ ಬೇರೆ ಮಾಡಲು ಹೋದರೆ ನಾಲಿಗೆಗೆ ತಿಳಿಯಲಿಲ್ಲ. ಹಾಗಾದರೆ ಇಷ್ಟು ವರ್ಷ ತವರು ಅಂತ ನಾನು ಬಡಿಸಿದ್ದು ಏನು, ಅದೂ ತಿಳಿಯಲಿಲ್ಲ.

ಅಷ್ಟರಲ್ಲಿ ಪಡಸಾಲೆಯಿಂದ ಅತ್ತೆಯ ದನಿ ಬಂತು, “ನಿಮ್ಮ ಮನಿ ಅನ್ನ ಭಾಳ ಛಲೋ ಐತ್ರಿ, ಬೀಗತಿ.”

“ಹೌದ್ರಿ, ನಮ್ಮ ಮನೀದ,” ಅಂತ ಅವ್ವ ಒಳಗಿಂದಲೇ ಕೂಗಿ ಹೇಳಿ, ಉಳಿದ ಅನ್ನ ತಿಂದು ಮುಗಿಸಿ, ಇನ್ನಷ್ಟು ಬಡಿಸು ಅಂತ ಖಾಲಿ ತಾಟು ನನ್ನ ಮುಂದೆ ಹಿಡಿದಳು.