ಒಂದು ಸ್ಯಾಂಡ್‌ವಿಚ್ ಅಂದರೆ ಎಷ್ಟು?

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹೊಳೆನರಸೀಪುರದ ಒಂದು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಆಗ ನಮ್ಮ ಮನೆಗಳಲ್ಲಿ ಬ್ರೆಡ್ಡು ಅಂದರೆ ಜ್ವರ ಬಂದವರು ಹಾಲಿಗೆ ಅದ್ದಿಕೊಂಡು ತಿನ್ನುವುದು, ಅಷ್ಟೆ. ಮಕ್ಕಳನ್ನು ದೊಡ್ಡಗದ್ದವಳ್ಳಿಯ ದೇವಸ್ಥಾನ ನೋಡಲು ಕರೆದುಕೊಂಡು ಹೋಗುವುದೆಂದು ತೀರ್ಮಾನವಾದಾಗ, ಪ್ರತಿ ಸಲದ ಪುಳಿಯೋಗರೆ ಬಿಟ್ಟು ಸ್ಯಾಂಡ್‌ವಿಚ್ ಮಾಡಿ ತರುತ್ತೇನೆಂದು ನಾನೇ ಮುಂದೆ ಬಿದ್ದೆ. ಮೈಸೂರಿನಲ್ಲಿ ಬಿ.ಎಡ್. ಓದುವಾಗ ಗೆಳತಿಯರ ಜೊತೆ ತಿಂದ ರುಚಿ ಇನ್ನೂ ನಾಲಗೆಯ ಮೇಲಿತ್ತು.

ಹಿಂದಿನ ಸಂಜೆ ಬೇಕರಿಯಿಂದ ಪೌಂಡುಗಟ್ಟಲೆ ಬ್ರೆಡ್ಡು ತಂದೆ. ಬೆಳಗ್ಗೆ ಬೇಗ ಎದ್ದು ಬೆಣ್ಣೆ, ಕೊತ್ತಂಬರಿ ಚಟ್ನಿ ಸವರಿ, ಸೌತೆಕಾಯಿ ಬಿಲ್ಲೆ ಇಟ್ಟು, ಎರಡೆರಡು ಸ್ಲೈಸು ಜೋಡಿಸಿ ಮೂಲೆಯಿಂದ ಮೂಲೆಗೆ ಕತ್ತರಿಸಿದೆ.

ಜೊತೆಗೆ ಬಂದ ಟೀಚರು ಅರಕಲಗೂಡು ಕಡೆಯ ರೈತರ ಮನೆಯ ಹುಡುಗಿ, ನನಗಿಂತ ಚಿಕ್ಕವಳು. ದೇವಸ್ಥಾನ ನೋಡಿ ಮುಗಿಸಿ ಕೆರೆ ಪಕ್ಕದಲ್ಲಿ ಮಕ್ಕಳನ್ನು ಕೂರಿಸಿದಾಗ, "ಎಲ್ಲರಿಗೂ ಒಂದೊಂದು ಸ್ಯಾಂಡ್‌ವಿಚ್ ಕೊಡಮ್ಮ" ಎಂದು ಅವಳಿಗೆ ಹೇಳಿ ನಾನು ಕುಡಿಯುವ ನೀರು ತರಲು ಹೋದೆ.

ಬಂದು ನೋಡುತ್ತೇನೆ, ಮಕ್ಕಳೆಲ್ಲ ತಿಂದು ಮುಗಿಸಿ ಬೆರಳು ನೆಕ್ಕುತ್ತ ಸುಮ್ಮನೆ ಕೂತಿದ್ದಾರೆ. ಬುಟ್ಟಿಯಲ್ಲಿ ಅರ್ಧಕ್ಕರ್ಧ ಹಾಗೇ ಇದೆ.

"ಯಾಕೆ, ಮಕ್ಕಳಿಗೆ ಸೇರಲಿಲ್ವಾ?"

"ಸೇರ್ದೆ ಏನಕ್ಕ! ನೀವೇ ಒಂದೊಂದು ಅಂದ್ರಲ್ಲ, ಒಂದೊಂದೇ ಕೊಟ್ಟೆ."

ತ್ರಿಕೋನದ ತುಂಡನ್ನೇ ಅವಳು ಒಂದು ಎಂದುಕೊಂಡಿದ್ದಳು.

"ಅದು ಅರ್ಧ ಕಣೆ. ಎರಡು ಸೇರಿದ್ರೆ ಒಂದು."

"ಅದೆಂಗಕ್ಕ? ಕೈಗೆ ಬಂದಿದ್ದು ಒಂದು ತಾನೆ?"

"ಮುದ್ದೆ ಮುರಿದು ಅರ್ಧ ಕೊಟ್ಟರೆ ಅದನ್ನ ಒಂದು ಮುದ್ದೆ ಅಂತೀಯಾ?"

"ಮುದ್ದೆ ಗುಂಡಗಿರ್ತದೆ, ಮುರುದ್ರೆ ಗೊತ್ತಾಯ್ತದೆ. ನೀವು ಇದ್ನ ಇಷ್ಟು ಅಚ್ಚುಕಟ್ಟಾಗಿ ಕುಯ್ದಿದ್ರೆ ಅರ್ಧ ಅಂತ ಯಾರ್ಗೆ ಗೊತ್ತಾಯ್ತದೆ?"

ಅಷ್ಟರಲ್ಲಿ ಬಸ್ಸಿನ ನೆರಳಲ್ಲಿ ಕೂತಿದ್ದ ಡ್ರೈವರು, "ಒಂದಾದ್ರೂ ಅನ್ನಿ, ಅರ್ಧ ಆದ್ರೂ ಅನ್ನಿ ಮೇಡಮ್, ನಂಗಿನ್ನೊಂದು ಕೊಡಿ" ಎಂದು ಕೈ ಚಾಚಿದ. ಮಕ್ಕಳು ಗೊಳ್ಳೆಂದು ನಕ್ಕರು. "ನಂಗೂ ಮಿಸ್, ನಂಗೂ!" ಎಂದು ಎಲ್ಲ ಕಡೆಯಿಂದ ಕೈಗಳು ಮೇಲೆದ್ದವು. ಒಬ್ಬಳಂತೂ ಬ್ರೆಡ್ಡು ಬಿಡಿಸಿ, ಮೊದಲು ಸೌತೆಕಾಯಿ ತಿಂದು, ಆಮೇಲೆ ಚಟ್ನಿ ಚೀಪಿದಳು.

ಬುಟ್ಟಿ ಖಾಲಿಯಾಗುವ ಹೊತ್ತಿಗೆ ನಮ್ಮಿಬ್ಬರ ಪಾಲನ್ನು ಎತ್ತಿಟ್ಟುಕೊಂಡು ಕೆರೆ ಏರಿಯ ಮೇಲೆ ಹೋಗಿ ಕೂತೆವು. ಗಾಳಿ ತಣ್ಣಗೆ ಬೀಸುತ್ತಿತ್ತು. ಅವಳು ನಿಧಾನವಾಗಿ ಅಗಿದು ನುಂಗಿ, "ಚೆನ್ನಾಗದೆ ಕಣಕ್ಕ. ಆದ್ರೆ ಒಸಿ ಸಪ್ಪೆ. ಇನ್ನೊಂದ್ ಸಲ ನಮ್ಮನೆ ಹುಚ್ಚೆಳ್ಳು ಚಟ್ನಿಪುಡಿ ತತ್ತೀನಿ, ಬೆಣ್ಣೆ ಮೇಲೆ ಉದುರ್ಸಾಣ" ಎಂದಳು.

ಮರುವರ್ಷ ಹಾಗೇ ಮಾಡಿದೆವು. ಅವಳು ಹೇಳಿದ್ದು ಸರಿಯಾಗಿತ್ತು.