ಬಂಗಲೆಯಲ್ಲಿ ಮಗಳು ಕಾಣೆಯಾದ ಮಧ್ಯಾಹ್ನ

ಮಗಳು ನಾಲ್ಕನೇ ತರಗತಿಯಲ್ಲಿದ್ದಾಗ ಶಾಲೆಯವರು ಮಕ್ಕಳನ್ನು ನಮ್ಮ ಊರಂಚಿನ ಲಂಗಾಟಾ ಕಡೆಯ ಒಂದು ಹಳೆಯ ಬಂಗಲೆಗೆ ಕರೆದುಕೊಂಡು ಹೋದರು. ಬ್ರಿಟಿಷರ ಕಾಲದಲ್ಲಿ ಕಾಫಿ ತೋಟದ ದೊರೆಯೊಬ್ಬ ಕಟ್ಟಿಸಿದ ಮನೆ, ಈಗ ಮ್ಯೂಸಿಯಂ. ಅಂದಿನವರ ದಿನಚರಿಯನ್ನು ಮಕ್ಕಳು ತಾವೇ ಮಾಡಿ ತಿಳಿಯಲಿ ಎಂಬುದು ಟೀಚರ್ ಯೋಚನೆ. ಮಕ್ಕಳ ಮೇಲೆ ಕಣ್ಣಿಡಲು ಇಬ್ಬರು ತಾಯಂದಿರು ಬೇಕೆಂದರು. ಪಾರ್ಕ್‌ಲ್ಯಾಂಡ್ಸ್‌ನ ನಮ್ಮ ಮನೆಯಿಂದ ನಾನು ಹೊರಟೆ.

ಚೀಟಿ ಎತ್ತಿಸಿ ಪಾತ್ರ ಹಂಚಿ, ಪಾತ್ರದ ನಿಯಮ ಬರೆದ ಕಾರ್ಡ್ ಒಂದೊಂದು ಕೊಟ್ಟರು. ಒಬ್ಬ ದೊರೆ, ಒಬ್ಬ ರೈಲ್ವೆ ಗುಮಾಸ್ತ. ಮಗಳ ಪಕ್ಕದ ಡೆಸ್ಕಿನ ಹುಡುಗಿ ದೊರೆಸಾನಿ, ಆಳನ್ನು ಕರೆಯುವ ಬೆಲ್ ಅವಳ ಕೈಗೆ. ನನ್ನ ಮಗಳಿಗೆ ಬಂದದ್ದು ಅಡುಗೆಮನೆಯ ಆಳು.

“ಅಮ್ಮಾ, ಐ ಡೋಂಟ್ ವಾಂಟ್ ದಿಸ್ ಒನ್,” ಎಂದಳು ಮೆಲ್ಲಗೆ.

“ಆಟ ತಾನೇ ಪುಟ್ಟಿ? ಎಲ್ರೂ ಮಾಡ್ತಿದಾರೆ. ಹಟ ಮಾಡ್ಬೇಡ,” ಎಂದು ಕಳಿಸಿದೆ.

ಬೆಳಿಗ್ಗೆಯೆಲ್ಲ ಬೆಣ್ಣೆ ಕಡೆದರು, ಇದ್ದಿಲಿನ ಇಸ್ತ್ರಿಪೆಟ್ಟಿಗೆ ಎತ್ತಿ ನೋಡಿದರು. ನಾನು ಫೋಟೋ ತೆಗೆಯುತ್ತಾ ಓಡಾಡಿದೆ. ಊಟಕ್ಕೆ ಮರದ ಕೆಳಗೆ ಕೂರಿಸಿ ತಲೆ ಎಣಿಸಿದರೆ ಒಂದು ಕಡಿಮೆ. ನನ್ನದೇ ಮಗು.

ಮೊದಲು ಟಾಯ್ಲೆಟ್ ನೋಡಿದೆ. ಆಮೇಲೆ ಕೋಣೆ ಕೋಣೆ, ಮಂಚದ ಕೆಳಗೆ, ಪರದೆಯ ಹಿಂದೆ. ಹಿತ್ತಲಿನ ಇಳಿಜಾರು ನೇರ ಕಾಡಿಗೆ ಸೇರುತ್ತಿತ್ತು. ಬೇಲಿ ಒಂದು ಕಡೆ ಕಿತ್ತುಹೋಗಿತ್ತು. ಎದುರಿನ ಗೇಟಿನಾಚೆ ಜನ ತುಂಬಿದ ಮಟಾಟು ವ್ಯಾನುಗಳು ನುಗ್ಗುವ ರಸ್ತೆ. ಯಾವ ಕಡೆ ಓಡಲಿ? ಚಪ್ಪಲಿ ಎಲ್ಲೋ ಬಿತ್ತು. ಹೆಸರು ಕೂಗುತ್ತಾ ಬಂಗಲೆಯ ಸುತ್ತ ಓಡಿದೆ. “ಪೋಲೆ, ಮಾಮಾ, ಪೋಲೆ,” ಎಂದು ಸ್ವಾಹಿಲಿಯಲ್ಲಿ ತಾಯಿಯಾದ ನನಗೆ ಸಮಾಧಾನ ಹೇಳುತ್ತಲೇ ಕಾವಲುಗಾರ ಕೋಲು ಹಿಡಿದು ಬೇಲಿ ದಾಟಿ ಪೊದೆಗಳ ಒಳಗೆ ಹೋದ. ಅವನು ಪೊದೆ ಬಡಿಯುವ ಸದ್ದು ಕೇಳುತ್ತಿತ್ತು. ಗಂಡನಿಗೆ ಫೋನ್ ಮಾಡಲು ನಂಬರ್ ತೆಗೆದು ಮತ್ತೆ ಮುಚ್ಚಿದೆ. ಏನೆಂದು ಹೇಳುವುದು? ಕಾಯಲು ಬಂದವಳೇ ಕಳೆದುಕೊಂಡೆ ಎಂದೇ?

ಮುಕ್ಕಾಲು ಗಂಟೆಯಾಗಿತ್ತು. ಆಗ ದೊರೆಸಾನಿಯಾಗಿದ್ದ ಹುಡುಗಿ ಅಳುತ್ತಾ ಟೀಚರ್ ಸೊಂಟ ಹಿಡಿದುಕೊಂಡಳು. “ಐ ಟೋಲ್ಡ್ ಹರ್ ಟು ವೇಟ್ ಟಿಲ್ ಐ ರಿಂಗ್ ದ ಬೆಲ್. ಐ ಫರ್ಗಾಟ್.”

ಬಂಗಲೆಯ ಹಿಂದಿನ ಅಡುಗೆಮನೆಗೆ ಓಡಿದೆವು. ಅದಕ್ಕೆ ಅಂಟಿಕೊಂಡ ಉಗ್ರಾಣ. ಅದರ ಮುಂದೆಯೇ ನಾನು ಎರಡು ಸಲ ಕೂಗುತ್ತಾ ಹಾದುಹೋಗಿದ್ದೆ. ಬಾಗಿಲು ಸುಮ್ಮನೆ ಮುಚ್ಚಿಕೊಂಡಿತ್ತು, ಚಿಲಕವೂ ಹಾಕಿರಲಿಲ್ಲ. ಒಳಗೆ ಕತ್ತಲಲ್ಲಿ ಗೋಣಿಚೀಲದ ಮೇಲೆ, ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು ಮಗಳು ಕೂತಿದ್ದಳು. ಯೂನಿಫಾರ್ಮಿನ ಲಂಗ ಒದ್ದೆಯಾಗಿತ್ತು. ಒಂದಕ್ಕೆ ಹೋಗುವುದಕ್ಕೂ ಎದ್ದಿರಲಿಲ್ಲ.

“ನಾನು ಕೂಗಿದ್ದು ಕೇಳಿಸ್ಲಿಲ್ವಾ?”

“ಕೇಳಿಸ್ತು.”

“ಮತ್ತೆ?”

“ದ ಕಾರ್ಡ್ ಸೆಡ್ ನೋ ಟಾಕಿಂಗ್ ಟಿಲ್ ದ ಬೆಲ್.”

ಅಪ್ಪಿಕೊಳ್ಳಬೇಕಿತ್ತು. ಅದಕ್ಕೆ ಮೊದಲು ನನ್ನ ಕೈ ಎದ್ದು ಅವಳ ಕೆನ್ನೆಗೆ ಬಡಿಯಿತು. ಹುಟ್ಟಿದಾಗಿನಿಂದ ಅವಳ ಮೇಲೆ ಕೈ ಮಾಡಿದವಳಲ್ಲ. ಅವಳು ಅಳಲಿಲ್ಲ, ತಲೆ ತಗ್ಗಿಸಿದಳು. ಆಮೇಲೆ ಎಷ್ಟು ತಬ್ಬಿದರೂ ಆ ಮೈ ಮರದ ಕೊರಡಿನ ಹಾಗೆ ನಿಂತಿತ್ತು. ನನ್ನ ದುಪಟ್ಟಾವನ್ನು ಅವಳ ಸೊಂಟಕ್ಕೆ ಸುತ್ತಿದೆ. ಟೀಚರ್ ಬಾಗಿಲಲ್ಲೇ ನಿಂತು ಮತ್ತೆ ಮತ್ತೆ ಸಾರಿ ಹೇಳುತ್ತಿದ್ದರು.

ಬಸ್ಸಿನಲ್ಲಿ ಪಕ್ಕದ ಸೀಟು ಹಿಡಿದಿಟ್ಟೆ. ಅವಳು ನನ್ನನ್ನು ದಾಟಿ ಹಿಂದೆ ಹೋಗಿ ಆ ಹುಡುಗಿಯ ಜೊತೆ ಕೂತಳು. ದಾರಿಯುದ್ದಕ್ಕೂ ಇಬ್ಬರೂ ಒಂದೇ ಪೊಟ್ಟಣದಿಂದ ಚಿಪ್ಸ್ ತಿಂದರು.

ಸಂಜೆ ಗಂಡ ಫ್ಯಾಕ್ಟರಿಯಿಂದ ಬಂದ ಮೇಲೆ ಮಗು ಕಾಣೆಯಾಗಿದ್ದನ್ನು ಹೇಳಿದೆ. ಹೊಡೆದದ್ದನ್ನು ಹೇಳಲಿಲ್ಲ. ಅವಳೂ ಹೇಳಲಿಲ್ಲ.