ಬಟ್ಟೆಯ ರೆಕ್ಕೆ, ತಿಂಗಳ ಹಿಂದಿನ ಬ್ರೇಕು

ವಿಮಾನದ ರೆಕ್ಕೆಯನ್ನು ಬಟ್ಟೆಯಿಂದ ಮಾಡುತ್ತಾರೆ ಎಂಬ ಸಂಗತಿ ನನಗೆ ಮದುವೆಯಾಗಿ ಹತ್ತು ವರ್ಷ ಕಳೆದ ಮೇಲೆ ಗೊತ್ತಾಯಿತು. ಎಲ್ಲ ವಿಮಾನಕ್ಕೂ ಅಲ್ಲವಂತೆ. ನಮ್ಮ ಯಜಮಾನರು ಭಾನುವಾರ ಬೆಳಿಗ್ಗೆ ಜಕ್ಕೂರಿನ ವಿಮಾನ ಮೈದಾನಕ್ಕೆ ಹೋಗಿ ಹಾರಿಸುವ ಎರಡು ಸೀಟಿನ ಪುಟ್ಟ ವಿಮಾನಕ್ಕೆ ಮಾತ್ರವಂತೆ. ಆ "ಮಾತ್ರ" ಎಂಬುದನ್ನು ಅವರು ನನ್ನ ಸಮಾಧಾನಕ್ಕೆಂದು ಹೇಳಿದರು.

ನಮ್ಮ ರಾಜಾಜಿನಗರದ ಬೀದಿಯಲ್ಲಿ ಉಳಿದ ಗಂಡಸರೆಲ್ಲ ಭಾನುವಾರ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿ, ಊಟ ಮಾಡಿ ಮಲಗುತ್ತಾರೆ. ವಾರವೆಲ್ಲ ಬ್ಯಾಂಕಿನ ಕುರ್ಚಿಯಲ್ಲಿ ಕೂರುವ ಇವರಿಗೆ ಮಾತ್ರ ಈ ಹುಚ್ಚು. "ನೆಲದ ಮೇಲೆ ನೆಟ್ಟಗೆ ನಡೆಯೋದು ಕಲೀಲಿಲ್ಲ ನನ್ನ ಮಗ, ಹಾರೋದು ಕಲಿತಾನಂತೆ," ಎಂದು ನಮ್ಮತ್ತೆ ಆಗಾಗ ಹೇಳುತ್ತಿದ್ದರು. ನಾನು ನಗುತ್ತಿದ್ದೆ. ಆದರೆ ಇವರು ಒಂದು ದಿನ, "ಈ ಸಲ ಉಮಾನೂ ಕರ್ಕೊಂಡು ಹಾರ್ತೀನಿ ಕಣೇ," ಎಂದಾಗ ನಗು ಹಾರಿಹೋಯಿತು. ಉಮಾ ನಮಗಿರುವ ಒಬ್ಬಳೇ ಮಗಳು. ಆಗ ಎಂಟು ವರ್ಷ. ಅವಳು ಆಗಲೇ ಅಂಗಳದಲ್ಲಿ ಎರಡು ಕೈ ಚಾಚಿ ಓಡುತ್ತಿದ್ದಳು.

"ಮೊದಲು ನಾನು ನೋಡ್ತೀನಿ. ಆಮೇಲೆ ಹೂಂ ಅನ್ನೋದೋ ಊಹೂಂ ಅನ್ನೋದೋ ಹೇಳ್ತೀನಿ," ಎಂದೆ.

ಹಾಗಾಗಿ ಮುಂದಿನ ಭಾನುವಾರ ಮೂವರೂ ಸ್ಕೂಟರಿನಲ್ಲಿ ಹೊರಟೆವು. ಎಲ್ಲ ಸಂಸಾರಗಳೂ ಹೋಗುವ ಹಾಗೆ: ಮಗಳು ಮುಂದೆ ಹ್ಯಾಂಡಲ್ ಹಿಡಿದು ನಿಂತು, ಇವರು ನಡುವೆ, ನಾನು ಹಿಂದೆ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು, ಸೆರಗು ಚಕ್ರಕ್ಕೆ ಸಿಗದಂತೆ ಸೊಂಟಕ್ಕೆ ಸಿಕ್ಕಿಸಿ.

ಅಲ್ಲಿ ರೆಕ್ಕೆಯನ್ನು ಬೆರಳಿನಿಂದ ತಟ್ಟಿ ನೋಡಿದೆ. ಡಬ್ ಡಬ್ ಎಂದಿತು, ಚೆನ್ನಾಗಿ ಬಿಗಿದ ತಮಟೆಯ ಹಾಗೆ. ಹತ್ತು ವರ್ಷದಿಂದ ನಾನು ಪ್ರತಿ ಭಾನುವಾರ ಟಿಫಿನ್ ಕಟ್ಟಿಕೊಟ್ಟು ಬಾಗಿಲಿನಿಂದ ಬೀಳ್ಕೊಟ್ಟದ್ದು ಈ ಬಟ್ಟೆಯ ಭರವಸೆಯ ಮೇಲೆ! ಒಂದು ಕಡೆ ತೇಪೆ ಬೇರೆ ಹಾಕಿತ್ತು. ಬಗ್ಗಿ ನೋಡಿದೆ. ತೇಪೆಯ ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿದ್ದರು, ಎಳೆ ಬಿಚ್ಚದ ಹಾಗೆ. ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸಿದ ಸಿಸ್ಟರ್ ನಮ್ಮ ಕೈಯಲ್ಲಿ ಇದನ್ನೇ ಮಾಡಿಸುತ್ತಿದ್ದರು. ಅಂಚು ಸರಿಯಿಲ್ಲದಿದ್ದರೆ ಪಟ್ಟಿಯನ್ನೇ ಹರಿದು ಕೈಗೆ ಕೊಡುತ್ತಿದ್ದರು. ಈ ತೇಪೆ ಅವರ ಕಣ್ಣಿಗೂ ಪಾಸಾಗುತ್ತಿತ್ತು. ಉಸಿರು ಸ್ವಲ್ಪ ಕೆಳಗಿಳಿಯಿತು.

ಅಷ್ಟರಲ್ಲಿ ಇವರು ವಿಮಾನವನ್ನು ಸುತ್ತುಹಾಕಲು ಶುರುಮಾಡಿದರು. ಮನೆಯಲ್ಲಿ ತಮ್ಮ ಕನ್ನಡಕ ತಮಗೇ ಸಿಗದ ಮನುಷ್ಯ! ಇಲ್ಲಿ ಒಂದೊಂದು ತಿರುಪನ್ನೂ ಮುಟ್ಟಿದರು, ಬಾಲವನ್ನು ಅಲುಗಿಸಿದರು, ಮಂಡಿಯೂರಿ ಚಕ್ರ ನೋಡಿದರು. ಕೊನೆಗೆ ರೆಕ್ಕೆಯ ಕೆಳಗಿನಿಂದ ಒಂದಿಷ್ಟು ಪೆಟ್ರೋಲನ್ನು ಗಾಜಿನ ಶೀಶೆಗೆ ಬಿಟ್ಟು ಬಿಸಿಲಿಗೆ ಹಿಡಿದರು. ತಳದಲ್ಲಿ ಸಾಬಕ್ಕಿಯಷ್ಟು ಒಂದು ನೀರಿನ ಗುಳ್ಳೆ. ಚೆಲ್ಲಿ ಮತ್ತೆ ಹಿಡಿದರು. ಮತ್ತೆ ಗುಳ್ಳೆ.

"ಇವತ್ತು ಬೇಡ ಪುಟ್ಟಿ. ಟ್ಯಾಂಕಲ್ಲಿ ನೀರು ಸೇರ್ಕೊಂಡಿದೆ, ಮೇಲೆ ಹೋದಾಗ ಇಂಜಿನ್ ನಿಂತುಬಿಡುತ್ತೆ," ಎಂದರು.

ಉಮಾ ಅತ್ತಳು, ನೆಲಕ್ಕೆ ಕಾಲು ಅಪ್ಪಳಿಸಿದಳು. ಇವರು ಕರಗಲಿಲ್ಲ. ನನಗೋ, ಹತ್ತು ವರ್ಷದಲ್ಲಿ ಮೊದಲ ಸಲ ಇವರ ಮೇಲೆ ಹೊಸದಾಗಿ ಗೌರವ ಉಕ್ಕಿತು. ಇಂಥವರ ಜೊತೆ ಮಗಳನ್ನು ಎಲ್ಲಿಗೆ ಬೇಕಾದರೂ ಕಳಿಸಬಹುದು ಎಂದುಕೊಂಡೆ. ಆ ಗೌರವ ವಾಪಸು ಬರುವಾಗ ಯಶವಂತಪುರ ದಾಟುವವರೆಗೂ ಇತ್ತು.

ಅಲ್ಲಿಂದ ಮುಂದೆ ಒಂದು ಇಳಿಜಾರು. ಎದುರಿಗೆ ಒಣಹುಲ್ಲು ಹೇರಿದ ಎತ್ತಿನ ಗಾಡಿ ನಿಧಾನವಾಗಿ ಹೋಗುತ್ತಿತ್ತು. ನಮ್ಮ ಸ್ಕೂಟರು ನಿಧಾನವಾಗಲಿಲ್ಲ. ಇವರು ಎರಡೂ ಬೂಟುಗಳನ್ನು ರಸ್ತೆಗೆ ಒತ್ತಿ ಕರಕರ ಉಜ್ಜುತ್ತಿದ್ದುದು ಕೇಳಿಸಿತು. ಮರುಕ್ಷಣ ಮಗಳ ಮುಖ ಹುಲ್ಲಿನೊಳಗೆ.

ಅದು ಹುಲ್ಲು. ಕಬ್ಬಿಣದ ಸರಳಿನ ಗಾಡಿಯಾಗಿದ್ದರೆ ಎಂಬ ಯೋಚನೆ ಈಗಲೂ ಬಂದರೆ ಒಲೆಯ ಮೇಲಿನ ಹಾಲನ್ನೂ ಮರೆತು ನಿಂತುಬಿಡುತ್ತೇನೆ.

ಗಾಡಿಯವನು ಇಳಿದು ಬಂದು ನೋಡಿದ. "ಏನ್ ಸಾಮಿ, ಎತ್ತಿಗೆ ಅಂತ ತಂದಿವ್ನಿ. ನಿಮ್ ಮಗೀಗೂ ಬೇಕಾಗಿತ್ತಾ?" ಎಂದ. ಉಮಾ ಬಾಯಿಂದ ಹುಲ್ಲು ಉಗುಳಿ ನಕ್ಕಳು. ನಾನು ಇವರ ಕಡೆ ತಿರುಗಿದೆ.

"ಏನ್ರೀ ಆಯ್ತು?"

"ಏನಿಲ್ಲ ಕಣೇ. ಹಿಂದಿನ ಬ್ರೇಕು ಒಂದು ತಿಂಗಳಿಂದ ಸ್ವಲ್ಪ ಹಾಗೇನೇ. ನಂಗೆ ಅಭ್ಯಾಸ ಆಗಿದೆ."

"ಅಲ್ರೀ, ಒಂದು ಹನಿ ನೀರು ಕಂಡಿದ್ದಕ್ಕೆ ವಿಮಾನ ಹತ್ತಿಸಲಿಲ್ಲ ಮಗೂನ. ಇದಕ್ಕೆ?"

"ಇದು ಸ್ಕೂಟರ್ ಕಣೇ!"

ಆ ಉತ್ತರ ಕೇಳಿ ನಾನು ಬೆಚ್ಚಿದಷ್ಟು ಬಟ್ಟೆಯ ರೆಕ್ಕೆ ತಟ್ಟಿದಾಗಲೂ ಬೆಚ್ಚಿರಲಿಲ್ಲ. ಮಗಳ ಕೈ ಹಿಡಿದು ನಡೆಯತೊಡಗಿದೆ. ಇವರು ಸ್ಕೂಟರ್ ತಳ್ಳಿಕೊಂಡು ಹಿಂದೆ ಬಂದರು. ದಾರಿಯುದ್ದಕ್ಕೂ ಯೋಚಿಸಿದೆ. ಪುರಾಣಗಳಲ್ಲಿ ವಿಮಾನವೇರಿದವರು ಹೂಮಳೆ ಸುರಿಸಿ ಕ್ಷೇಮವಾಗಿ ಹೋಗುತ್ತಾರೆ. ಹೂತುಹೋಗುವುದು ನೆಲದ ಮೇಲಿನ ರಥದ ಚಕ್ರ. ಆದರೂ ನಮಗೆ ಭಯ ಆಕಾಶದ್ದೇ. ನೆಲ ನಮ್ಮ ಮನೆಯ ಜಗಲಿಯಷ್ಟು ಸಲಿಗೆಯದು. ಆಯುಧಪೂಜೆಯ ದಿನ ಸ್ಕೂಟರಿನ ದೀಪಕ್ಕೆ ಮೂರೆಳೆ ವಿಭೂತಿ ಬಳಿದು, ಚಕ್ರದಡಿ ನಿಂಬೆಹಣ್ಣು ಒಡೆಸಿಬಿಟ್ಟರೆ ಮುಂದಿನ ವರ್ಷದವರೆಗೆ ಅದರ ಯೋಗಕ್ಷೇಮ ದೇವರದು. ಮಿಕ್ಕ ದಿನ ಅದು ಹೊರಡದಿದ್ದರೆ ಪಕ್ಕಕ್ಕೆ ಬಗ್ಗಿಸಿ ಒದೆಯುವುದು.

ಮನೆ ತಲುಪಿ ತೀರ್ಪು ಕೊಟ್ಟೆ. "ಉಮಾ ನಿಮ್ಮ ಜೊತೆ ವಿಮಾನದಲ್ಲಿ ಹಾರಲಿ. ಸ್ಕೂಟರಲ್ಲಿ ಮಾತ್ರ ನಿಮ್ಮ ಮುಂದೆ ನಿಲ್ಲೋದು ಬೇಡ."

"ಉಲ್ಟಾ ಹೇಳ್ತಾ ಇದೀಯಲ್ಲೇ!" ಎಂದರು.

"ಸರಿಯಾಗೇ ಹೇಳ್ತಾಳೆ ಕಣೋ," ಎಂದರು ಒಳಗಿನಿಂದ ನಮ್ಮತ್ತೆ.

ಮುಂದೆ ಒಂದು ಭಾನುವಾರ ಇವರು ರಿಪೇರಿಯಾದ ಸ್ಕೂಟರಿನಲ್ಲೂ, ನಾವಿಬ್ಬರು ಎರಡು ಬಸ್ಸು ಬದಲಾಯಿಸಿಯೂ ಜಕ್ಕೂರು ತಲುಪಿದೆವು. ಶೀಶೆಯಲ್ಲಿ ಗುಳ್ಳೆ ಇರಲಿಲ್ಲ. ಉಮಾಳನ್ನು ಸೀಟಿಗೆ ಬಿಗಿಯಾಗಿ ಕಟ್ಟಿ ಇವರು ಮೇಲೆ ಹೋದರು. ಆ ಹದಿನೈದು ನಿಮಿಷ ನಾನು ಉಸಿರಾಡಿದೆನೋ ಇಲ್ಲವೋ. ಇಳಿದು ಓಡಿಬಂದವಳು ಹೇಳಿದಳು: "ಅಮ್ಮಾ, ಮೇಲಿಂದ ನೋಡಿದ್ರೆ ರಸ್ತೇಲಿ ಬಸ್ಸು ಲಾರಿ ಎಲ್ಲಾ ಎಷ್ಟು ನಿಧಾನಕ್ಕೆ ಹೋಗ್ತವೆ ಗೊತ್ತಾ? ಒಂಚೂರೂ ಭಯ ಆಗಲ್ಲ!"

ಹಾಗಾದರೆ ಇವರು ಇಷ್ಟು ವರ್ಷ ರಸ್ತೆಯನ್ನು ಅಲ್ಲಿಂದಲೇ ನೋಡುತ್ತಿದ್ದರೇ?

ಮಗಳನ್ನು ದೊಡ್ಡ ರಸ್ತೆಯ ಬದಿಗೆ ಕರೆದುಕೊಂಡು ಬಂದು, ಕೈ ಬಿಗಿಯಾಗಿ ಹಿಡಿದು ನಿಲ್ಲಿಸಿದೆ. ಇವರೂ ಸ್ಕೂಟರ್ ತಳ್ಳಿಕೊಂಡು ಬಂದು ಪಕ್ಕದಲ್ಲಿ ನಿಂತರು. ಒಂದು ಲಾರಿ ಭರ್ರನೆ ಹಾದುಹೋಯಿತು. ನನ್ನ ಸೆರಗು, ಅವಳ ಲಂಗ, ರಸ್ತೆಯ ಧೂಳು ಎಲ್ಲ ಒಟ್ಟಿಗೆ ಎದ್ದವು.

"ಈಗ ಹೇಳು," ಎಂದೆ.

ಉಮಾ ನನ್ನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಅವಳ ಅಪ್ಪ ಎರಡು ಹೆಜ್ಜೆ ಹಿಂದೆ ಸರಿದರು.